ಮಳೆಗೆ ‘ನಿಲ್’ ಎಂದವನು

ನನಗೆ ಮೊದಲ ಸಂಬಳದ ಕೆಲಸ ಸಿಕ್ಕಿದ್ದು ಪಿತೃಪಕ್ಷದಲ್ಲಿ. ಸತ್ತವರನ್ನು ಕರೆದು ಎಡೆ ಇಡುವ ಆ ಹದಿನೈದು ದಿನ ನಮ್ಮ ಕಡೆ ಯಾರೂ ಹೊಸ ಕೆಲಸ ಹಿಡಿಯುವುದಿಲ್ಲ, ಹೊಸ ಬಟ್ಟೆಯನ್ನೂ ಉಡುವುದಿಲ್ಲ. ಆದರೆ ಸರ್ಕಾರಕ್ಕೆ ಪಿತೃಗಳಿಲ್ಲ. ಮೊಳಕಾಲ್ಮೂರಿನ ಕಚೇರಿಯೊಂದರಲ್ಲಿ ನಾನು ಆಗ ನಾಲ್ಕು ವರ್ಷದಿಂದ ಉಮೇದುವಾರನಾಗಿದ್ದೆ. ಉಮೇದುವಾರ ಎಂದರೆ ಎಲ್ಲರ ಕೆಲಸವನ್ನೂ ಮಾಡಿ ಸಂಬಳ ಮಾತ್ರ ತೆಗೆದುಕೊಳ್ಳದವನು; ಯಾರಾದರೂ ಸತ್ತರೆ ಅಥವಾ ವರ್ಗವಾದರೆ ಆ ಜಾಗ ತನ್ನದಾದೀತು ಎಂದು ಗೋಡೆಗೆ ಒರಗಿ ಕಾಯುವವನು. ನಾಲ್ಕು ವರ್ಷದಲ್ಲಿ ನಮ್ಮ ಕಚೇರಿಯಲ್ಲಿ ಯಾರೂ ಸಾಯಲಿಲ್ಲ. ಅಷ್ಟು ಗಟ್ಟಿ ಜನ.

ಆ ನಾಲ್ಕು ವರ್ಷವೂ ನನ್ನ ಹೆಂಡತಿ ಮಗಳನ್ನು ಕಟ್ಟಿಕೊಂಡು ತವರಿನಲ್ಲಿದ್ದಳು. ಅವಳ ತವರು ಚಳ್ಳಕೆರೆಯ ಆಚೆ, ದೊಡ್ಡಉಳ್ಳಾರ್ತಿ. ನಮ್ಮ ಮಾವ ದನ ಮೇಯುವ ಕಾವಲಿನ ಅಂಚಿನಲ್ಲಿ ಹೊಲ, ದನ ಇಟ್ಟುಕೊಂಡು ಗಟ್ಟಿಯಾಗಿ ಬಾಳುತ್ತಿದ್ದವರು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವಂತೆ ಮನುಷ್ಯರನ್ನೂ ಅಳೆಯುತ್ತಿದ್ದರು. ನನ್ನ ಹಲ್ಲು ಅವರಿಗೆ ಹಿಡಿಸಿರಲಿಲ್ಲ. ನಾನು ಹಬ್ಬಕ್ಕೆ ಹೋದಾಗಲೆಲ್ಲ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ.

“ಏನ್ರೀ ಅಳಿಯಂದ್ರೇ, ಕಚೇರೀಲಿ ಯಾರಾದ್ರೂ ಹೋದ್ರಾ?”

“ಇಲ್ಲ ಮಾವ, ಎಲ್ಲಾ ಚೆನ್ನಾಗವ್ರೆ.”

“ಅಯ್ಯೋ ಪಾಪ” ಎಂದು ಅವರು ನಿಜವಾಗಿಯೂ ಮರುಗುತ್ತಿದ್ದರು. ನನ್ನ ಮಗಳು ಆಗ ಬಾಗಿಲ ಹಿಂದಿನಿಂದ ನನ್ನನ್ನು ಇಣುಕಿ ನೋಡಿ, “ಅವ್ವಾ, ಆ ಮಾಮ ಬಂದವ್ರೆ” ಎಂದು ಕೂಗುತ್ತಿದ್ದಳು. ಅಪ್ಪ ಎನ್ನಲು ಅವಳಿಗೆ ಎರಡು ದಿನ ಹಿಡಿಯುತ್ತಿತ್ತು. ಅಷ್ಟರಲ್ಲಿ ನಾನು ಹೊರಡುವ ಹೊತ್ತಾಗಿರುತ್ತಿತ್ತು. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ಪಿತೃಪಕ್ಷದ ಒಂದು ದಿನ ನಮ್ಮ ಕಚೇರಿಯ ಮುಖ್ಯಸ್ಥರಾದ ಅಮಲ್ದಾರರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ತಾಮ್ರದ ಉದ್ದನೆಯ ಡಬ್ಬವೊಂದಿತ್ತು. ಅದರ ಬಾಯಿಗೆ ಲಾಳಿಕೆ, ಹೊಟ್ಟೆಯೊಳಗೆ ಒಂದು ಸೀಸೆ, ಪಕ್ಕದಲ್ಲಿ ಗೆರೆ ಹಾಕಿದ ಗಾಜಿನ ಲೋಟ. “ಇದು ಮಳೆ ಅಳೆಯುವ ಯಂತ್ರ ಕಣಯ್ಯ. ಇದನ್ನು ಬಟ್ಟಬಯಲಲ್ಲಿ ನೆಡಬೇಕು. ಸುತ್ತಮುತ್ತ ಮರ ಇರಬಾರದು, ಗೋಡೆ ಇರಬಾರದು. ಕಚೇರಿ ಅಂಗಳದ ತುಂಬ ಬೇವಿನ ಮರ. ನಿನ್ನ ಮನೆ ಅಂಗಳದಲ್ಲಿ ಏನಾದರೂ ಬೆಳೆದಿದೆಯೇ?” ಎಂದು ಕೇಳಿದರು.

ನನ್ನ ಬಾಡಿಗೆ ಮನೆಯ ಅಂಗಳದಲ್ಲಿ ಹುಲ್ಲುಕಡ್ಡಿಯೂ ಬೆಳೆದಿರಲಿಲ್ಲ. ಅದೇ ನನ್ನ ಅರ್ಹತೆಯಾಯಿತು. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಸೀಸೆ ತೆಗೆದು ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು, ಜನರಿಗೆ ತಿಳಿಯುವಂತೆ ಮನೆ ಮುಂದೆ ಹಲಗೆಯಲ್ಲೂ ಬರೆಯಬೇಕು. ಮಳೆ ಇಲ್ಲದ ದಿನ ‘ನಿಲ್’ ಎಂದು ಬರೆಯಬೇಕು. ದೀಪಾವಳಿಯವರೆಗೆ ಪರೀಕ್ಷೆ, ಪುಸ್ತಕ ಮೇಲಿನ ಕಚೇರಿಯಲ್ಲಿ ತಕರಾರಿಲ್ಲದೆ ಪಾಸಾದರೆ ಕೆಲಸ ಖಾಯಂ. ನಾನು ಡಬ್ಬವನ್ನು ಹಸುಗೂಸಿನಂತೆ ಎದೆಗವುಚಿಕೊಂಡು ಬೀದಿಯಲ್ಲಿ ನಡೆದು ಬಂದೆ.

ಮನೆಯಲ್ಲಿದ್ದವಳು ನನ್ನ ಅವ್ವ ಒಬ್ಬಳೇ. ಡಬ್ಬವನ್ನು ಸುತ್ತಿ ಬಂದು ನೋಡಿದಳು.

“ಏನೋ ಮಗಾ ಇದು?”

“ಮಳೆ ಅಳೆಯೋದು ಅವ್ವ.”

“ಅಳ್ದು?”

“ಅಳೆದು ಬರೆಯೋದು.”

“ಬರ್ದು?”

ನಾನು ಅಂಗಳದ ನಡುವೆ ಡಬ್ಬ ನೆಟ್ಟು ಸುತ್ತ ಮುಳ್ಳುಬೇಲಿ ಹಾಕತೊಡಗಿದೆ. ಅವ್ವ ಆಕಾಶ ನೋಡಿ, “ಇಲ್ಲಿ ಮಳೆ ಎಲ್ಲೈತೆ?” ಎಂದಳು. ಮೊಳಕಾಲ್ಮೂರಿನಲ್ಲಿ ಮಳೆ ಅಳೆಯುವುದೆಂದರೆ ಬೋಳುತಲೆಯ ಕೂದಲು ಎಣಿಸುವ ಕೆಲಸ. ಆದರೆ ಸಂಬಳದ ಕೆಲಸ. ದೊಡ್ಡಉಳ್ಳಾರ್ತಿಗೆ ಅಂದೇ ಕಾಗದ ಬರೆದೆ.

ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಮಾವನ ಗಾಡಿ ನನ್ನ ಅಂಗಳಕ್ಕೆ ಬಂತು. ಹೆಂಡತಿ, ಮಗಳು, ಒಂದು ಟ್ರಂಕು, ಕಾವಲಿನ ದನದ ತುಪ್ಪದ ಗಡಿಗೆ, ಚಳ್ಳಕೆರೆ ಸಂತೆಯಲ್ಲಿ ಕೊಂಡ ಎರಡು ಕಂಬಳಿ, ಕೊನೆಯಲ್ಲಿ ಮಾವ. ಇಳಿದವರೇ ಕೆಲಸ ತೋರಿಸಿ ಅಂದರು. ನಾನು ಡಬ್ಬ ತೋರಿಸಿದೆ. ಅವರು ಲಾಳಿಕೆಯೊಳಗೆ ಕಣ್ಣಿಟ್ಟು ನೋಡಿದರು, ಬೆರಳಿನಿಂದ ತಟ್ಟಿ ನೋಡಿದರು.

“ಬರಿದೈತಲ್ರೀ.”

“ಮಳೆ ಬಂದರೆ ತುಂಬುತ್ತದೆ ಮಾವ.”

“ಬರ್ದಿದ್ರೆ?”

“ಬರಲಿಲ್ಲ ಅಂತ ಬರೆಯುತ್ತೇನೆ.”

ಮಾವ ತಮ್ಮ ಮಗಳ ಮುಖ ನೋಡಿದರು. ಆಮೇಲೆ ಪಡಸಾಲೆಯಲ್ಲಿ ಕೂತು ಎಲ್ಲರೂ ಕೇಳುವಂತೆ ಹೇಳಿದರು. “ನೋಡ್ರೀ, ನಾನು ಕಡ್ಡಿ ತುಂಡು ಮಾಡ್ದಂಗೆ ಹೇಳ್ತೀನಿ. ದೀಪಾವಳಿ ಗಂಟ ಇಲ್ಲೇ ಇರ್ತೀನಿ. ಕೆಲ್ಸ ಖಾಯಂ ಆತಾ, ನಾನೊಬ್ನೇ ಹೋಗ್ತೀನಿ. ಇಲ್ಲಾಂದ್ರೆ ಮಗಳು, ಮೊಮ್ಮಗಳು ನನ್ ಜತೆ ಬರ್ತಾರೆ. ಇನ್ನೊಂದ್ ಸಲ ಕರ್ಕೊಂಡ್ ಬರಾಕೆ ನನ್ ಎತ್ತಿಗೂ ವಯಸ್ಸಾತು.” ನನ್ನ ಹೆಂಡತಿ ಟ್ರಂಕಿನ ಬೀಗ ತೆಗೆಯದೆ ಹಾಗೇ ಮೂಲೆಗಿಟ್ಟಳು. ಅಂದಿನಿಂದ ನನ್ನ ಕಣ್ಣು ಆಕಾಶಕ್ಕಿಂತ ಹೆಚ್ಚಾಗಿ ಆ ಟ್ರಂಕಿನ ಮೇಲಿತ್ತು.

ಆದರೂ ಆ ನವರಾತ್ರಿಯಷ್ಟು ಸುಖದ ದಿನಗಳನ್ನು ನಾನು ಕಂಡಿರಲಿಲ್ಲ. ಬೆಳಿಗ್ಗೆ ಎದ್ದರೆ ಒಳಗೆ ಸಜ್ಜೆ ರೊಟ್ಟಿ ತಟ್ಟುವ ಸದ್ದು. ಹೊರಗೆ ತಿಳಿ ಬಿಸಿಲು, ಬೇಲಿ ತುಂಬ ತಂಗಡಿ ಹೂ. ಎಂಟಕ್ಕೆ ಸರಿಯಾಗಿ ನಾನು ರುಮಾಲು ಸುತ್ತಿ, ಮುಳ್ಳುಬೇಲಿಯ ಬಾಗಿಲು ಸರಿಸಿ, ಸೀಸೆ ತೆಗೆದು ಬಿಸಿಲಿಗೆ ಹಿಡಿಯುತ್ತಿದ್ದೆ. ಮಗಳು ನನ್ನ ಪಂಚೆ ಹಿಡಿದು, “ಐತಾ ಅಪ್ಪ?” ಎಂದು ಕೇಳುತ್ತಿದ್ದಳು. “ಇಲ್ಲ ಮಗಾ.” ಸೀಸೆಯನ್ನು ಒಳಗಿಟ್ಟು, ಪುಸ್ತಕದಲ್ಲಿ ಒಂದು ಸಾಲು ಬರೆದು, ಹಲಗೆಯಲ್ಲೂ ಬರೆದರೆ ಆ ದಿನದ ಸರ್ಕಾರಿ ಕೆಲಸ ಮುಗಿಯಿತು. ಸರ್ಕಾರ ಸಂಬಳ ಕೊಟ್ಟು ನನ್ನನ್ನು ಹೆಂಡತಿ ಮಗಳ ಜೊತೆ ಕೂರಿಸಿದಂತಿತ್ತು.

ಒಂದು ದಿನ ಊರ ಹಿಂದಿನ ಬಂಡೆಗಲ್ಲಿನ ಗುಡ್ಡಕ್ಕೆ ಎಲ್ಲರೂ ಸೀತಾಫಲಕ್ಕೆ ಹೋದೆವು. ಬಂಡೆಗಳ ಸಂದಿಯಲ್ಲಿ ಗಿಡಗಳು ಹಣ್ಣು ಹೊತ್ತು ಬಾಗಿದ್ದವು. ಕಣ್ಣು ಬಿಟ್ಟು ಬಲಿತ ಕಾಯಿಯನ್ನು ಆರಿಸಿ ಕೀಳುವುದು ನನ್ನ ಹೆಂಡತಿಗೆ ಗೊತ್ತಿತ್ತು. ನಾನು ಕಿತ್ತದ್ದನ್ನೆಲ್ಲ ಅವಳು ನೋಡಿ ಗುಡ್ಡದಿಂದ ಕೆಳಗೆ ಎಸೆದಳು. ಗಿಡದಲ್ಲೇ ಹಣ್ಣಾಗಿದ್ದನ್ನು ಅಲ್ಲೇ ಕೂತು ತಿಂದೆವು. ಮಾವನಿಗೂ ಅವ್ವನಿಗೂ ಬೀಜ ಯಾರು ದೂರ ಉಗಿಯುತ್ತಾರೆ ಎಂದು ಪಂದ್ಯ ಬಿತ್ತು. “ಬೀಗ್ರೇ, ನಿಮ್ದು ಬರೀ ಬಾಯಿ” ಎಂದು ಅವ್ವ ಉಗಿದ ಬೀಜ ಒಂದು ಬಂಡೆ ದಾಟಿ ಹೋಯಿತು. ಮಾವ ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಅಂದು.

ಗುಡ್ಡ ಇಳಿದು ಬರುವಾಗ ಮನೆಯ ಮುಂದೆ ಹತ್ತಿಪ್ಪತ್ತು ಜನ ನಿಂತಿದ್ದರು. ಮುಂದೆ ನಿಂತವರು ನಮ್ಮ ಪಕ್ಕದ ಮನೆಯ ನೇಕಾರಜ್ಜ. ರೇಷ್ಮೆ ಸೀರೆ ನೇಯುವ ಅವರ ಮನೆಮಾತು ತೆಲುಗು, ವ್ಯವಹಾರ ಕನ್ನಡ, ನನ್ನನ್ನು ಬಿಟ್ಟರೆ ನಮ್ಮ ಬೀದಿಯಲ್ಲಿ ಓದಲು ಬರುತ್ತಿದ್ದುದು ಅವರಿಗೊಬ್ಬರಿಗೇ. ಅವರು ನನ್ನ ಹಲಗೆಯ ಮೇಲೆ ಬೆರಳಿಟ್ಟು ಜೋರಾಗಿ ಓದುತ್ತಿದ್ದರು. “ಈ ದಿನದ ಮಳೆ, ನಿಲ್.” ಓದಿ ಜನರ ಕಡೆ ತಿರುಗಿ, “ಚೂಡಂಡಿ, ವಾನನಿ ನಿಲು ಅಂಟುನ್ನಾಡು” ಎಂದರು. ಅಂದರೆ, ನೋಡಿ, ಮಳೆಗೆ ನಿಲ್ಲು ಅನ್ನುತ್ತಿದ್ದಾನೆ.

ಕನ್ನಡದಲ್ಲೂ ತೆಲುಗಿನಲ್ಲೂ ಆ ಮಾತಿಗೆ ಅರ್ಥ ಒಂದೇ ಆಗಿದ್ದು ನನ್ನ ಗ್ರಹಚಾರ.

“ಎಂಟು ದಿನದಿಂದ ನೋಡ್ತಿದೀನಿ” ಎಂದರು ಅಜ್ಜ ನನಗೆ. “ದಿನಾ ಬೆಳಿಗ್ಗೆ ಎದ್ದು, ರುಮಾಲು ಸುತ್ತಿ, ಮಳೆಗೆ ನಿಲ್ ನಿಲ್ ಅಂತ ಬರೀತೀಯ. ಸರ್ಕಾರದ ಅಕ್ಷರ ಅದು. ಮಳೆ ಹೆಂಗೆ ಬರ್ತದೆ?”

ನಿಜ ಹೇಳಬೇಕೆಂದರೆ ನನಗೂ ಆ ಶಬ್ದದ ಅರ್ಥ ಗೊತ್ತಿರಲಿಲ್ಲ. ಮಳೆ ನಿಂತಿದೆ ಎಂಬುದನ್ನು ಮೊಟಕು ಮಾಡಿ ನಿಲ್ ಎಂದು ಬರೆಯುವುದು ಕಚೇರಿಯ ಪದ್ಧತಿ ಇರಬೇಕು ಎಂದುಕೊಂಡಿದ್ದೆ. ಓಡಿಹೋಗಿ ಅಮಲ್ದಾರರನ್ನು ಕೇಳಿದೆ. ಅವರು ಹುಬ್ಬು ಗಂಟಿಕ್ಕಿ, “ಇಂಗ್ಲಿಷಿನಲ್ಲಿ ನಿಲ್ ಅಂದರೆ ಇಲ್ಲ ಅಂತ ಕಣಯ್ಯ” ಎಂದರು. ಹಾಗಾದರೆ ‘ಇಲ್ಲ’ ಎಂದೇ ಬರೆಯಬಹುದಲ್ಲ ಎಂದೆ. ಅಚ್ಚಾದ ಸೂಚನೆಯಲ್ಲಿ ನಿಲ್ ಎಂದಿದೆ, ಅದನ್ನು ಬದಲಾಯಿಸಲು ತಮಗೆ ಅಧಿಕಾರವಿಲ್ಲ ಎಂದರು. ಅಂದೇ ಅವರು ಹಬ್ಬದ ರಜೆಯ ಮೇಲೆ ಊರಿಗೆ ಹೊರಟುಹೋದರು.

ನಾನು ವಾಪಸು ಬಂದು ಜನರಿಗೆ ವಿವರಿಸಿದೆ. ಇದು ಇಂಗ್ಲಿಷು, ಇದರ ಅರ್ಥ ಇಲ್ಲ ಎಂದು. ಅವರು ತಾಳ್ಮೆಯಿಂದ ಕೇಳಿದರು. ಕೇಳಿಯಾದ ಮೇಲೆ ಅಜ್ಜ, “ಬರೆಯೋ ನಿಂಗೆ ಇಂಗ್ಲಿಷ್ ಬರ್ತದೆ ಅಂತಿಟ್ಕೋ. ಓದೋ ಮಳೆಗೆ ಬರ್ತದಾ?” ಎಂದರು. ಎಲ್ಲರೂ ಹೌದೌದು ಎಂದರು. ಜನರ ಹಿಂದೆ ನಿಂತಿದ್ದ ನನ್ನ ಮಾವನೂ ಹೌದೆಂದರು.

“ಮಾವ, ನೀವೂನಾ?”

“ಅಲ್ರೀ, ದನಾನ ದಿನಾ ಹೋಗ್ ಅಂದ್ರೆ ಬರ್ತದಾ? ಬಾ ಅಂತ ಬರೀರಿ. ನಿಮ್ಮ ಗಂಟೇನ್ ಹೋಗ್ತದೆ?”

ಮಾರನೆಯ ದಿನ ಪಡಸಾಲೆಯಲ್ಲಿ ಪಂಚಾಯಿತಿಯೇ ಕೂತಿತು. ಬಾ ಎಂದು ಬರೆಯಬೇಕು ಎಂಬುದರಲ್ಲಿ ಎಲ್ಲರದೂ ಒಂದೇ ಮನಸ್ಸು. ಆದರೆ ‘ಬಾ’ಯೋ, ‘ಬನ್ನಿ’ಯೋ ಎಂಬಲ್ಲಿ ಒಡಕು ಬಂತು. ಮಳೆರಾಯ ಎನ್ನುತ್ತೇವೆ, ರಾಯನನ್ನು ಏಕವಚನದಲ್ಲಿ ಕರೆದರೆ ಬಂದಾನೆಯೇ ಎಂದರು ಕೆಲವರು. ದೇವರಿಗೇ ‘ಕಾಪಾಡಪ್ಪ’ ಅನ್ನುತ್ತೇವೆ, ‘ಕಾಪಾಡಿರಿ’ ಎಂದವರನ್ನು ಕಂಡಿದ್ದೀರಾ ಎಂದಳು ಅವ್ವ. ತೆಲುಗಿನಲ್ಲಿ ಬರೆದರೆ ಎರಡೂ ಆಗುತ್ತದೆ, ‘ರಂಡಿ’ ಎಂದು ಬರೆ, ಎಂದರು ಅಜ್ಜ. ಬನ್ನಿ ಎಂದು ಗೌರವದಿಂದ ಕರೆಯುವ ಆ ತೆಲುಗು ಮಾತು ಕನ್ನಡದ ಕಿವಿಗೆ ಬೈಗುಳವಾಗಿ ಬೀಳುತ್ತದೆ. ಮಳೆಗೆ ಯಾವ ಭಾಷೆ ಎಂದು ತಿಳಿಯದೆ ಅಂಥ ಅಪಾಯಕ್ಕೆ ಕೈಹಾಕುವುದು ಬೇಡ ಎಂದು ತೀರ್ಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ ‘ಬಾ’ ಗೆದ್ದಿತು.

ನಾನು ಮೊದಲು ಒಪ್ಪಲಿಲ್ಲ. ಸರ್ಕಾರದ ಹಲಗೆ, ನನ್ನ ಅನ್ನದ ಪ್ರಶ್ನೆ ಎಂದೆ. ಆದರೆ ನೀರು ಸೇದಲು ಹೋದ ನನ್ನ ಹೆಂಡತಿಗೆ ಬಾವಿಯ ಹತ್ತಿರ ಯಾರೂ ಹಗ್ಗ ಕೊಡಲಿಲ್ಲವಂತೆ. ಮಳೆ ನಿಲ್ಲಿಸಿದವನ ಹೆಂಡತಿಗೆ ಬಾವಿ ನೀರು ಯಾಕೆ ಎಂದರಂತೆ. ಅವಳು ಬರಿ ಕೊಡ ಹೊತ್ತು ಬಂದು ನನ್ನೆದುರು ಇಟ್ಟಳು. ನನಗೆ ನಾಚಿಕೆಯಾಯಿತು. ಪುಸ್ತಕದಲ್ಲಿ ‘ನಿಲ್’ ಎಂದೇ ಬರೆದು, ಹಲಗೆಯಲ್ಲಿ ಮಾತ್ರ ಒಂದು ಮೊಳದುದ್ದ ‘ಬಾ’ ಎಂದು ಬರೆದೆ. ನೇಕಾರಜ್ಜ ಬಂದು ಓದಿ, ‘ಬಾ’ದ ದೀರ್ಘವನ್ನು ಇನ್ನೂ ಸ್ವಲ್ಪ ಎಳೆಯಲು ಹೇಳಿ ಹೋದರು.

ಹಲಗೆಗೆ ‘ಬಾ’ ಬರೆದ ಮೂರನೆಯ ದಿನ ಆಯುಧ ಪೂಜೆ. ಮೊಳಕಾಲ್ಮೂರಿನಲ್ಲಿ ಅಂದು ಮಗ್ಗಗಳೆಲ್ಲ ಸುಮ್ಮನಾಗುತ್ತವೆ. ಲಾಳಿ, ಕತ್ತರಿ, ಕುಡುಗೋಲು, ತಕ್ಕಡಿ, ಒಬ್ಬೊಬ್ಬರು ತಮ್ಮ ತಮ್ಮ ಆಯುಧಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂ ಇಡುತ್ತಾರೆ. ಪೂಜೆಗೆ ಕೂತ ಆಯುಧವನ್ನು ಮಾರನೆಯ ದಿನ ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವುದಿಲ್ಲ. ನಾಲ್ಕು ವರ್ಷ ಆ ದಿನ ನನಗೆ ಕೈ ಕಟ್ಟಿಕೊಂಡು ಕೂರುವ ದಿನ. ಕಚೇರಿಯ ಲೇಖನಿಯೂ ನನ್ನದಲ್ಲ, ಮಸಿಯೂ ನನ್ನದಲ್ಲ. ಪೂಜೆಗಿಡಲು ನನಗೊಂದು ಸೂಜಿಯೂ ಇರಲಿಲ್ಲ.

ಅಂದು ಬೆಳಿಗ್ಗೆ ಎಂಟಕ್ಕೆ ಸೀಸೆ ನೋಡಿ, ಪುಸ್ತಕ ಬರೆದು ಮುಗಿಸಿ, ನಾನು ಒಳಗೆ ಸ್ನಾನ ಮಾಡಿ ಬರುವಷ್ಟರಲ್ಲಿ ಮಾವ ಮಡಿಯುಟ್ಟು ಡಬ್ಬದ ಮುಂದೆ ಕೂತಿದ್ದರು. ಡಬ್ಬವನ್ನು ಹುಣಸೆಹಣ್ಣಿನಿಂದ ಉಜ್ಜಿ ಉಜ್ಜಿ ಚಿನ್ನದಂತೆ ಹೊಳೆಯಿಸಿದ್ದರು. ಮೂರು ಬೆರಳು ವಿಭೂತಿ, ಚೆಂಡುಹೂವಿನ ಸರ. ಲಾಳಿಕೆಯ ಬಾಯಿಗೆ ಐದು ಮಾವಿನೆಲೆ ಇಟ್ಟು, ಅದರ ಮೇಲೆ ಒಂದು ದಪ್ಪ ತೆಂಗಿನಕಾಯಿ ಕೂರಿಸಿದ್ದರು. ಯಂತ್ರ ಮಾಡಿದ ಪುಣ್ಯಾತ್ಮ ನಮ್ಮ ಕಾಯಿಯ ಅಳತೆ ತೆಗೆದುಕೊಂಡೇ ಮಾಡಿದ್ದನೋ ಏನೋ, ಒಂದು ಕೂದಲು ತೂರುವಷ್ಟೂ ಸಂದಿ ಇರಲಿಲ್ಲ. ಕಳಶವೇ ಸೈ.

“ಅಳಿಯಂದ್ರೇ, ಬನ್ರೀ. ನಿಮ್ ಆಯುಧಕ್ಕೆ ನೀವೇ ಆರತಿ ಮಾಡ್ರಿ” ಎಂದರು.

ನಿಮ್ಮ ಆಯುಧ ಎಂದರು ಮಾವ. ಯಂತ್ರದ ಬಾಯಿ ಮುಚ್ಚಬಾರದು ಎಂದು ಸೂಚನೆಯಲ್ಲಿ ಅಚ್ಚಾಗಿರುವುದು ನನಗೆ ಗೊತ್ತಿತ್ತು, ಕಾಯಿ ತೆಗೆಯಬೇಕಿತ್ತು. ಇಷ್ಟು ದಿನ ಬಾರದ ಮಳೆ ಇವತ್ತೇ ಬರುತ್ತದೆಯೇ ಎಂದುಕೊಂಡೆ. ಆರತಿ ಮಾಡಿದೆ. ಹೆಂಡತಿ ಪಕ್ಕದಲ್ಲಿ ನಿಂತು ಗಂಟೆ ಬಾರಿಸಿದಳು. ಅಂದು ಹೋಳಿಗೆ ಊಟ ಮಾಡಿದ ರುಚಿ ನನಗೆ ಇನ್ನೂ ನೆನಪಿದೆ.

ಊಟವಾಗಿ ಎಲೆಯಡಿಕೆ ಹಾಕುವಾಗ ಚಿತ್ತೆ ಮಳೆ ಬಂತು. ಮೊದಲು ಗುಡ್ಡದ ಮೇಲೆ ಕಪ್ಪಾಯಿತು, ಆಮೇಲೆ ಬಂಡೆಗಳು ಕಾಣದಾದವು, ಆಮೇಲೆ ಪಕ್ಕದ ಮನೆಯೇ ಕಾಣದಾಯಿತು. ಅಂಥ ಮಳೆಯನ್ನು ಮೊಳಕಾಲ್ಮೂರಿನಲ್ಲಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನು ಎಲೆಯಡಿಕೆ ಉಗಿದು ಅಂಗಳಕ್ಕೆ ಹಾರಿದೆ. ಕಾಯಿಗೆ ಕೈ ಹಾಕುವಷ್ಟರಲ್ಲಿ ಮಾವ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದರು.

“ಏನ್ರೀ ಮಾಡ್ತಿದೀರಿ? ಕೂರಿಸಿದ ಕಳಶ ಅಲುಗಾಡಿಸ್ತಾರಾ? ವಂಶಕ್ಕೆ ಒಳ್ಳೇದಲ್ಲ!”

“ಮಾವ, ಮಳೆ ಒಳಗೆ ಹೋಗಬೇಕು ಮಾವ!”

“ನಾಳೆ ಮಂಗಳಾರತಿ ಆಗ್ಲಿ, ಎಷ್ಟ್ ಬೇಕಾದ್ರೂ ಹೋಗ್ಲಿ!”

ಅವರು ಎತ್ತಿನ ಮೂಗುದಾರ ಹಿಡಿದು ಬೆಳೆದವರು. ನಾನು ನಾಲ್ಕು ವರ್ಷ ಗೋಡೆಗೆ ಒರಗಿದ್ದವನು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅವ್ವ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು, ಡಬ್ಬದ ಮುಂದಿನ ದೀಪ ಆರದಂತೆ ಅಡ್ಡ ನಿಂತಳು. ಅಷ್ಟರಲ್ಲಿ ಬೀದಿಯ ಜನರೆಲ್ಲ ಕೇಕೆ ಹಾಕುತ್ತ ಅಂಗಳಕ್ಕೆ ನುಗ್ಗಿದರು. ಬಾ ಎಂದು ಬರೆದವನು ಎಲ್ಲಿ ಎಂದು ಕೂಗಿದರು. ಇಬ್ಬರು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಆ ಎತ್ತರದಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು: ನನ್ನ ಕೆಲಸ, ನನ್ನ ಸಂಸಾರ ಎಲ್ಲವೂ ಸೇರಬೇಕಾಗಿದ್ದ ನೀರು ಕಾಯಿಯ ಮೇಲೆ ಬಿದ್ದು, ಮಾವಿನೆಲೆಯ ತುದಿಯಿಂದ ಇಳಿದು, ಡಬ್ಬದ ಹೊರಮೈಯಿಂದ ಹರಿದು ಬೀದಿಗೆ ಹೋಗುತ್ತಿತ್ತು. ನಾನು ಮೇಲೆ ಕೂತು ಅತ್ತೆ. ಮಳೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಅಂಗಳ ತುಂಬ ಜನ. ಕೆರೆಗೆ ನೀರು ಬಂದಿತ್ತು. ಮಗ್ಗದ ಗುಂಡಿಗಳಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಆದರೂ ನೇಕಾರಜ್ಜ ನಗುತ್ತಿದ್ದರು. ಎಷ್ಟು ಮಳೆ ಬಂದಿದೆ ಎಂದು ಸರ್ಕಾರದ ಬಾಯಿಂದ ಕೇಳಲು ಎಲ್ಲರೂ ಕಾದಿದ್ದರು. ಮಾವ ಮಂಗಳಾರತಿ ಮಾಡಿ ಕಾಯಿ ಇಳಿಸಿದರು. ನಾನು ಸೀಸೆ ತೆಗೆದು ಬಿಸಿಲಿಗೆ ಹಿಡಿದೆ. ಒಳಗೆ ಒಂದು ಇರುವೆ ಇತ್ತು, ಅದೂ ಒದ್ದೆಯಾಗಿರಲಿಲ್ಲ.

“ಐತಾ ಅಪ್ಪ?” ಎಂದಳು ಮಗಳು.

ಮಾವ ಸೀಸೆ ನೋಡಿದರು, ಕಾಯಿ ನೋಡಿದರು. ಅವರ ಮುಖ ಸಣ್ಣದಾಯಿತು. ನನ್ನ ಕಿವಿಯ ಹತ್ತಿರ ಬಂದು, “ಎಷ್ಟಾದ್ರೂ ಬರೀರಿ. ಯಾರ್ ನೋಡಾಕ್ ಬರ್ತಾರೆ?” ಎಂದರು. ಜನ ಕೂಡ ಸಹಾಯಕ್ಕೆ ಬಂದರು. ಒಂದು ಹದ, ನೇಗಿಲು ಹೂಡುವಷ್ಟು ಮಳೆ ಎಂದರು ಒಬ್ಬರು. ಗೇಣುದ್ದ ನೆಲ ನೆಂದಿದೆ, ಹದಕ್ಕಿಂತ ಹೆಚ್ಚು ಎಂದರು ಇನ್ನೊಬ್ಬರು. ಅವ್ವ ಒರಳಿನಲ್ಲಿ ನಿಂತ ನೀರನ್ನು ತೋರಿಸಿ, ಇಷ್ಟು ಎಂದು ಬರಿ ಎಂದಳು. ಒಂದು ಅಂಕಿ ಗೀಚಿದ್ದರೆ ಎಲ್ಲ ಮುಗಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು. ಲೇಖನಿ ಅದ್ದಿದೆ. ಆದರೆ ನನ್ನ ಬದುಕಿನ ಮೊದಲ ಆಯುಧವನ್ನು ಪೂಜೆಯಿಂದ ಎತ್ತಿದ ಗಳಿಗೆಯಲ್ಲೇ ಅದರಿಂದ ಸುಳ್ಳು ಹೇಳಿಸಲು ನನ್ನಿಂದ ಆಗಲಿಲ್ಲ. ಪುಸ್ತಕದಲ್ಲಿ ಹೀಗೆ ಬರೆದೆ: “ಮಳೆ ಬಹಳ ಬಂತು. ಡಬ್ಬದಲ್ಲಿ ನಿಲ್. ಕಾರಣ, ಕಾಯಿ ಇತ್ತು.” ನಿಯಮದಂತೆ ಅದರ ನಕಲು ಅಂದೇ ಮೇಲಿನ ಕಚೇರಿಗೆ ಟಪಾಲಿನಲ್ಲಿ ಹೋಯಿತು.

ರಜೆ ಮುಗಿಸಿ ಬಂದ ಅಮಲ್ದಾರರು ಆ ಸಾಲನ್ನು ಮೂರು ಸಲ ಓದಿದರು. ಕಾಯಿ ಇಟ್ಟವರು ಯಾರು ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ, ಬಾಗಿಲಲ್ಲಿ ನಿಂತಿದ್ದ ಮಾವ ಒಳಗೆ ಬಂದು ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

“ನಾನ್ ಸ್ವಾಮಿ. ಅವ್ರದೇನೂ ತಪ್ಪಿಲ್ಲ. ತೆಗಿಯಾದಾದ್ರೆ ನನ್ನ ಕೆಲ್ಸದಿಂದ ತೆಗೀರಿ.”

“ನಿಮ್ಮದು ಯಾವ ಕೆಲಸ?”

ಮಾವ ತುಂಬ ಯೋಚಿಸಿ, “ಸದ್ಯಕ್ಕೆ ಅಳಿಯನ ಮನೇಲಿ ಉಣ್ಣಾ ಕೆಲ್ಸ” ಎಂದರು.

ಅಮಲ್ದಾರರು ನಗಲಿಲ್ಲ. ತಮ್ಮ ಕೈಯಲ್ಲಿ ಏನೂ ಇಲ್ಲ, ಕಾಗದ ಆಗಲೇ ಮೇಲೆ ಹೋಗಿದೆ, ಅಲ್ಲಿಂದ ಬಂದ ಹಾಗೆ ಎಂದರು. ಬರುವುದು ಏನು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮಾವ ಮಾತಿಗೆ ತಪ್ಪುವ ಮನುಷ್ಯರಲ್ಲ; ಕೊಟ್ಟ ಮಾತು ತಮಗೇ ಕಹಿಯಾದರೂ ನುಂಗುವವರು. ದೀಪಾವಳಿ ಹತ್ತಿರ ಬಂದಂತೆ ಗಾಡಿಯ ಕೀಲಿಗೆ ಎಣ್ಣೆ ಬಿಟ್ಟರು. ನಮ್ಮ ಮನೆಯಲ್ಲಿ ಹಣತೆ ಹಚ್ಚಿದೆವು, ಎಣ್ಣೆ ನೀರು ಹಾಕಿಕೊಂಡೆವು. ಗುಡ್ಡದಿಂದ ಮತ್ತೆ ಕಿತ್ತು ತಂದು ನವಣೆ ಹುಲ್ಲಿನಲ್ಲಿ ಹಣ್ಣಿಗಿಟ್ಟಿದ್ದ ಸೀತಾಫಲಗಳನ್ನು ಮಗಳು ದಿನಕ್ಕೊಂದರಂತೆ ತೆಗೆದು ನನಗೆ ತಂದು ಕೊಡುತ್ತಿದ್ದಳು. ಈಗ ಅವಳು ಅಪ್ಪ ಎನ್ನಲು ಯೋಚಿಸುತ್ತಿರಲಿಲ್ಲ.

ಪಾಡ್ಯದ ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿದರು. ಟ್ರಂಕು ಏರಿತು. ಹೆಂಡತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಾಡಿಯೊಳಗೆ ಕೂತಳು. ನಾನು ನೊಗದ ಹತ್ತಿರ ನಿಂತು ಎತ್ತಿನ ಕೊರಳು ಸವರುತ್ತಿದ್ದೆ; ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಆಗ ಟಪಾಲಿನವನು ಬಂದು ಉದ್ದನೆಯ ಲಕೋಟೆ ಕೊಟ್ಟ. ಒಡೆದು ಎಲ್ಲರೂ ಕೇಳುವಂತೆ ಓದಿದೆ.

“ತಮ್ಮ ಷರಾದಲ್ಲಿ ಕಾಣಿಸಿರುವ ‘ಕಾಯಿ’ ಎಂಬ ಉಪಕರಣ ಯಾವುದು, ಅದರ ಅಳತೆ ಎಷ್ಟು, ಯಾರ ಅಪ್ಪಣೆಯ ಮೇರೆಗೆ ಅಳವಡಿಸಲಾಯಿತು, ಇತರ ಕಡೆಗಳಲ್ಲಿಯೂ ಅಳವಡಿಸುವುದು ಯುಕ್ತವೇ ಎಂಬುದಾಗಿ ಸವಿಸ್ತಾರ ವಿವರಣೆ ಕಳುಹಿಸತಕ್ಕದ್ದು. ಈ ವಿಚಾರ ಇತ್ಯರ್ಥವಾಗುವವರೆಗೆ ಸದರಿ ನೌಕರನನ್ನು ಬದಲಾಯಿಸಕೂಡದು.”

ಯಾರಿಗೂ ಏನೂ ಅರ್ಥವಾಗಲಿಲ್ಲ. ಮಾವ ಎತ್ತಿನ ಹಗ್ಗ ಹಿಡಿದು ನನ್ನ ಬಾಯಿ ನೋಡಿದರು. ಗಾಡಿಯೊಳಗಿಂದ ಹೆಂಡತಿ ಕೇಳಿದಳು.

“ತಿಳಿಯಂಗೆ ಹೇಳ್ರಿ. ಕೆಲ್ಸ ಐತಾ, ಹೋತಾ?”

“ಖಾಯಂ ಆಗಿಲ್ಲ. ಆದರೆ ಈ ವಿಚಾರ ಮುಗಿಯೋವರೆಗೂ ನನ್ನನ್ನು ತೆಗೆಯೋ ಹಂಗಿಲ್ಲ.”

“ಮುಗಿಯಾದು ಯಾವಾಗ?”

“ನಾನು ಉತ್ತರ ಬರೀಬೇಕು. ಅವರು ಓದಿ ಇನ್ನೊಂದು ಕೇಳ್ತಾರೆ. ಅದಕ್ಕೆ ನಾನು ಮತ್ತೆ ಬರೀಬೇಕು. ಅವರು ಮತ್ತೆ ಕೇಳ್ತಾರೆ.”

ಅವಳು ಮಗಳನ್ನು ಎತ್ತಿ ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಗಾಡಿಯಿಂದ ಇಳಿದಳು.

“ಏಯ್, ಎಲ್ಲಿಗ್ ಹೊಂಟೆ?” ಎಂದರು ಮಾವ.

“ಅದು ಮುಗಿಯಾವರ್ಗೂ ಇಲ್ಲೇ ಇರ್ತೀನಪ್ಪ.”

ಮಾವ ಹಗ್ಗವನ್ನು ನೊಗಕ್ಕೆ ಸುತ್ತಿದರು. ಖಾಯಂ ಎಂದರೆ ಮಾತ್ರ ಎಂದು ಅವರು ಹೇಳಿದ್ದರು. ಇದು ಖಾಯಮ್ಮೂ ಅಲ್ಲ, ಖಾಲಿಯೂ ಅಲ್ಲ. ಕೊನೆಗೆ ತಾವೇ ಗಾಡಿ ಹತ್ತಿ ಟ್ರಂಕನ್ನು ಹೆಗಲಿಗೇರಿಸಿ ಒಳಗೆ ತಂದಿಟ್ಟರು. ಹೊರಡುವಾಗ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಉತ್ತರ ನಿಧಾನಕ್ ಬರೀರಿ ಅಳಿಯಂದ್ರೇ. ಅವಸರ ಏನೈತೆ?” ಎಂದರು.

ನಾನು ನಿಧಾನಕ್ಕೇ ಬರೆದೆ. ಹನ್ನೊಂದು ಪುಟ ಬರೆದೆ. ತೆಂಗಿನ ಮರದಿಂದ ಆರಂಭಿಸಿ, ಕಳಶದ ಕ್ರಮ, ಮಾವಿನೆಲೆಯ ಸಂಖ್ಯೆ, ಕಾಯಿಯ ಸುತ್ತಳತೆ ಎಲ್ಲವನ್ನೂ ಬಿಡಿಸಿ ಬರೆದೆ. ಆ ಕಾಯಿ ಆಮೇಲೆ ಏನಾಯಿತು ಎಂಬುದೊಂದನ್ನು ಮಾತ್ರ ಬೇಕೆಂದೇ ಬಿಟ್ಟೆ. ಅದನ್ನು ಕೇಳಿ ಅಲ್ಲಿಂದ ಮತ್ತೊಂದು ಕಾಗದ ಬರಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳೂ ಹೆಂಡತಿ ನನ್ನ ಮನೆಯಲ್ಲಿದ್ದಳು.